ಸರ್ವರ್ ಲಾಗ್ ಓದಲು ದಾರಿ ಮಾಡಿಕೊಟ್ಟ ಗಣಿತಜ್ಞ ಸ್ಟೀಫನ್ ಕ್ಲೇನಿ

ಇನ್‌ಕಾಗ್ನಿಟೋದಲ್ಲಿ ನೋಡಿದರೆ ಎಲ್ಲೂ ಗುರುತು ಉಳಿಯುವುದಿಲ್ಲ ಎಂದು ನೀವೂ ನಂಬಿದ್ದೀರಾ? ಅದು ಅರ್ಧಸತ್ಯ. ಫೋನಿನಲ್ಲಿ ಹಿಸ್ಟರಿ ಉಳಿಯದಿದ್ದರೂ ವೆಬ್‌ಸೈಟಿನ ಸರ್ವರ್ ಸಾಮಾನ್ಯವಾಗಿ ಪ್ರತಿ ಕೋರಿಕೆಗೂ ಒಂದು ಸಾಲು ಬರೆದಿಡುತ್ತದೆ: ಐಪಿ ವಿಳಾಸ, ಸಮಯ, ಕೇಳಿದ ಪುಟ, ಸ್ಟೇಟಸ್ ಸಂಖ್ಯೆ, ಕಳಿಸಿದ ಬೈಟ್‌ಗಳು. ಇದೇ ಆಕ್ಸೆಸ್ ಲಾಗ್. ಲಕ್ಷಾಂತರ ಸಾಲುಗಳಿಂದ ಬೇಕಾದ್ದನ್ನು ಹೆಕ್ಕಲು ಬಳಸುವುದು ರೆಗ್ಯುಲರ್ ಎಕ್ಸ್‌ಪ್ರೆಷನ್. ಅದರ ಮೂಲಪುರುಷ ಸ್ಟೀಫನ್ ಕೋಲ್ ಕ್ಲೇನಿ.

ಕ್ಲೇನಿ ಹುಟ್ಟಿದ್ದು 1909ರ ಜನವರಿ 5ರಂದು, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ. 1934ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಯುದ್ಧಕಾಲದ ನೌಕಾಪಡೆ ಸೇವೆ ಬಿಟ್ಟರೆ, ವೃತ್ತಿಜೀವನದ ಬಹುಭಾಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲೇ ಕಳೆಯಿತು. ಬಿಡುವಿನಲ್ಲಿ ಬೆಟ್ಟ ಹತ್ತುತ್ತಿದ್ದರು.

1951ರಲ್ಲಿ ರ‍್ಯಾಂಡ್ ಸಂಸ್ಥೆಯಲ್ಲಿದ್ದಾಗ, ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ರೂಪಿಸಿದ್ದ ನರಕೋಶಗಳ ಗಣಿತ ಮಾದರಿಯನ್ನು ಪರಿಶೀಲಿಸಿದರು. ಇಂಥ ಜಾಲ ಯಾವ ವಿನ್ಯಾಸಗಳನ್ನು ಗುರುತಿಸಬಲ್ಲದು ಎಂಬುದು ಪ್ರಶ್ನೆ. ಅದನ್ನು ಹೇಳಲು 3 ಕ್ರಿಯೆಗಳು ಸಾಕೆಂದು ತೋರಿಸಿದರು: ಒಂದಾದ ಮೇಲೆ ಇನ್ನೊಂದು, ಇದು ಅಥವಾ ಅದು, ಮತ್ತೆ ಮತ್ತೆ ಬರುವುದು. ಈ ಮೂರನೆಯದರ ಗುರುತೇ ನಕ್ಷತ್ರ. ವಾಟ್ಸ್‌ಆ್ಯಪ್ ನಗುವನ್ನೇ ನೋಡಿ: (ಹಾ)* ಎಂದರೆ ಹಾ, ಹಾಹಾ, ಹಾಹಾಹಾ ಎಷ್ಟಾದರೂ ಆಗಬಹುದು, ಒಂದೂ ಇಲ್ಲದೆಯೂ ಇರಬಹುದು. ಈ ಪ್ರಬಂಧ 1956ರಲ್ಲಿ ಪ್ರಕಟವಾಯಿತು. 1968ರಲ್ಲಿ ಕೆನ್ ಥಾಂಪ್ಸನ್ ಇದನ್ನೇ ಪಠ್ಯ ಹುಡುಕುವ ವಿಧಾನವಾಗಿಸಿದರು. ಮುಂದೆ ಯುನಿಕ್ಸ್‌ನ ಗ್ರೆಪ್ ಬಂತು.

ಇದರಿಂದ ಲಾಗ್ ಓದುವವರಿಗೆ ಏನು ಲಾಭ? ಸಿಗದ ಪುಟಗಳನ್ನು ಪತ್ತೆಹಚ್ಚಲು ಬರೀ 404 ಎಂದು ಹುಡುಕಿದರೆ, 404 ಬೈಟ್ ಕಳಿಸಿದ ಸಾಲುಗಳೂ ಬಲೆಗೆ ಬೀಳುತ್ತವೆ. ಕೋರಿಕೆಯ ಉದ್ಧರಣ ಚಿಹ್ನೆ ಮುಗಿದ ತಕ್ಷಣ ಬರುವ 404 ಮಾತ್ರ ಬೇಕು ಎಂದು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಬರೆದರೆ ಗೊಂದಲವಿಲ್ಲ.

1990ರಲ್ಲಿ ಕ್ಲೇನಿ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಂದಿತು. 1994ರ ಜನವರಿ 25ರಂದು ಮ್ಯಾಡಿಸನ್‌ನಲ್ಲಿ ನಿಧನರಾದರು. ಆಗ ವೆಬ್ ಇನ್ನೂ ಕೂಸು.

ಕೊನೆಗೊಂದು ಎಚ್ಚರಿಕೆ. ಐಪಿ ಸಿಕ್ಕರೆ ಆಳೇ ಸಿಕ್ಕಂತೆ ಎನ್ನುವುದೂ ತಪ್ಪು. ಮೊಬೈಲ್ ನೆಟ್‌ವರ್ಕ್‌ನಲ್ಲಿ ಒಂದೇ ಐಪಿಯನ್ನು ಹಲವು ಗ್ರಾಹಕರು ಹಂಚಿಕೊಂಡಿರಬಹುದು. ಲಾಗ್‌ನ ಒಂದು ಸಾಲನ್ನಷ್ಟೇ ನಂಬಿ ಯಾರ ಮೇಲೂ ಬೆರಳು ತೋರಿಸಬೇಡಿ. ಅಂಥ ಸ್ಕ್ರೀನ್‌ಶಾಟ್ ಬಂದರೆ ಫಾರ್ವರ್ಡ್ ಮಾಡಲೂ ಬೇಡಿ.