ಸೀಮೆಸುಣ್ಣದಲ್ಲಿ ಬಣ್ಣ ಕಂಡವರು

ಎಂ.ಟೆಕ್. ಮುಗಿಸಿ ಪುಣೆಯಲ್ಲಿ ಕೋಡ್ ಬರೆಯುವ ನನಗೆ ರಸಾಯನಶಾಸ್ತ್ರ ಮರೆತೇ ಹೋಗಿತ್ತು. ಕಳೆದ ವಾರ ಧಾರವಾಡದಿಂದ ಅಕ್ಕನ ಮಗಳು ವಿಡಿಯೋ ಕಾಲ್ ಮಾಡಿದಳು. ಪೇಪರ್ ಕ್ರೊಮ್ಯಾಟೋಗ್ರಫಿ ಲೆಕ್ಕ. ಉತ್ತರ 0.75 ಇರಬೇಕು, ಅವಳಿಗೆ 0.80 ಬರುತ್ತಿತ್ತು. ಬಣ್ಣದ ಚುಕ್ಕೆ ಸಾಗಿದ ದೂರವನ್ನು ದ್ರಾವಕ ಸಾಗಿದ ದೂರದಿಂದ ಭಾಗಿಸಿದರೆ ರಿಟೆನ್ಶನ್ ಫ್ಯಾಕ್ಟರ್, ಅಂದರೆ ಆರ್‌ಎಫ್. ಅವಳು ಎರಡನ್ನೂ ಕಾಗದದ ಕೆಳತುದಿಯಿಂದ ಅಳೆದು 8ನ್ನು 10ರಿಂದ ಭಾಗಿಸಿದ್ದಳು. ಅಳೆಯಬೇಕಾದದ್ದು ತುದಿಯಿಂದ 2 ಸೆಂ.ಮೀ. ಮೇಲೆ, ಚುಕ್ಕೆ ಇಟ್ಟ ಪೆನ್ಸಿಲ್ ಗೆರೆಯಿಂದ. ಆಗ 6 ಭಾಗಿಸು 8. ಲೆಕ್ಕ ಸರಿಹೋಯಿತು. ಇದನ್ನೆಲ್ಲ ಶುರು ಮಾಡಿದ್ದು ಯಾರು ಎಂದು ಕೇಳಿದಳು. ಓದಿ ಹೇಳಿದೆ.

ಮಿಖಾಯಿಲ್ ತ್ಸ್ವೆತ್ ಹುಟ್ಟಿದ್ದು 1872ರಲ್ಲಿ, ಇಟಲಿಯ ಆಸ್ತಿ ಪಟ್ಟಣದಲ್ಲಿ. ತಂದೆ ರಷ್ಯದವರು, ತಾಯಿ ಇಟಲಿಯವರು. ತಾಯಿ ಬೇಗ ತೀರಿಕೊಂಡರು. ಮಗ ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. 1896ರಲ್ಲಿ ಜಿನೀವಾದಲ್ಲಿ ಡಾಕ್ಟರೇಟ್ ಪಡೆದು ರಷ್ಯಕ್ಕೆ ಹೋದರೆ, ಅಲ್ಲಿ ಆ ಪದವಿಗೆ ಮಾನ್ಯತೆಯೇ ಇಲ್ಲ! 1901ರಲ್ಲಿ ಕಜಾನ್‌ನಲ್ಲಿ ಮತ್ತೆ ಸ್ನಾತಕೋತ್ತರ ಪದವಿ ಪಡೆದು, ವಾರ್ಸಾದಲ್ಲಿ ಕೆಲಸಕ್ಕೆ ಸೇರಿದರು. ರಷ್ಯದ ಡಾಕ್ಟರೇಟ್ ಸಿಕ್ಕಿದ್ದು 1910ರಲ್ಲಿ.

ಅವರಿಗಿದ್ದ ಪ್ರಶ್ನೆ ಒಂದೇ: ಎಲೆಯ ಹಸಿರಿನಲ್ಲಿ ಏನೇನಿದೆ? ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ, ಎಲೆಯಿಂದ ತೆಗೆದ ದ್ರಾವಣ ಸುರಿದು, ಮೇಲಿನಿಂದ ದ್ರಾವಕ ಹರಿಸಿದರು. ಪುಡಿಗೆ ಗಟ್ಟಿಯಾಗಿ ಅಂಟಿದ ಬಣ್ಣ ಮೇಲೆಯೇ ನಿಂತಿತು, ಅಂಟದ್ದು ಕೆಳಗಿಳಿಯಿತು. ಹಸಿರು, ಹಳದಿ ಪಟ್ಟೆಗಳು ಬೇರೆ ಬೇರೆಯಾಗಿ ಮೂಡಿದವು. 1903ರಲ್ಲಿ ವಾರ್ಸಾದಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟರು. 1906ರಲ್ಲಿ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಕ್ರೊಮಾ ಎಂದರೆ ಬಣ್ಣ. ರಷ್ಯನ್‌ನಲ್ಲಿ ತ್ಸ್ವೆತ್ ಎಂದರೂ ಬಣ್ಣವೇ.

ದೊಡ್ಡ ರಸಾಯನಶಾಸ್ತ್ರಜ್ಞರು ನಂಬಲಿಲ್ಲ. ಸಂದೇಹಪಟ್ಟವರಲ್ಲಿ ಒಬ್ಬರಾದ ವಿಲ್‌ಸ್ಟೇಟರ್‌ಗೆ ಸಸ್ಯವರ್ಣಗಳ ಸಂಶೋಧನೆಗಾಗಿಯೇ 1915ರ ನೊಬೆಲ್ ಬಂತು. ಅದೇ ವರ್ಷ ಯುದ್ಧ ತ್ಸ್ವೆತ್‌ರನ್ನು ವಾರ್ಸಾದಿಂದ ಎಬ್ಬಿಸಿತು. ಮಾಸ್ಕೋ, ನಿಜ್ನಿ ನೊವ್‌ಗೊರೊದ್, ಯೂರ್ಯೆವ್, ಕೊನೆಗೆ ವೊರೊನೆಜ್. ಪ್ರತಿ ಊರಿನಲ್ಲೂ ಗೆರೆ ಅಳಿಸಿ ಹೊಸದಾಗಿ ಎಳೆದಂತೆ. 1919ರಲ್ಲಿ, 47ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು.

ಅವರ ವಿಧಾನ ಮತ್ತೆ ಜೀವ ಪಡೆದದ್ದು 1931ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ಕೊಳವೆಯ ಜಾಗಕ್ಕೆ ಕಾಗದ ತಂದು ಕಾನ್ಸ್‌ಡೆನ್, ಗಾರ್ಡನ್, ಮಾರ್ಟಿನ್ ಪ್ರಕಟಿಸಿದ್ದು 1944ರಲ್ಲಿ. ಅಕ್ಕನ ಮಗಳ ಲೆಕ್ಕ ಅಲ್ಲಿಂದ ಬಂದದ್ದು.

ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಗೆರೆಯನ್ನು ಪೆನ್ಸಿಲ್‌ನಲ್ಲೇ ಯಾಕೆ ಎಳೆಯಬೇಕು ಎಂಬುದು ಮುಂದಿನ ಪ್ರಶ್ನೆ. ಪೆನ್ನಿನಲ್ಲಿ ಎಳೆದರೆ ಶಾಯಿಯೂ ದ್ರಾವಕದ ಜೊತೆ ಮೇಲೇರಿಬಿಡುತ್ತದೆ; ಎಲ್ಲಿಂದ ಹೊರಟೆವು ಎಂಬ ಗುರುತೇ ಉಳಿಯುವುದಿಲ್ಲ ಎಂದೆ.