ಸರ್ ಎಂ.ವಿ. ಮತ್ತು ದರ್ಬಾರಿನ ಪೇಟ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಂದ ನಮಗೆ ರುಮಾಲು ಹೊಸದೇನಲ್ಲ. ನಮ್ಮ ಅಜ್ಜಂದಿರು ಸಂತೆಗೆ ಹೊರಟರೂ ಸುತ್ತಿಕೊಂಡೇ ಹೋಗೋರು. ಆದ್ರೆ ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇಗೆ ನಾವು ಹಾರ ಹಾಕುವ ಫೋಟೋದಲ್ಲಿರೋ ಪೇಟ ಬೇರೆ. ಅದು ಮೈಸೂರಿನದು.

ಮೈಸೂರು ದರ್ಬಾರಿಗೆ ಹೋಗುವವರು ಉದ್ದ ಕೋಟು, ಜರಿಪೇಟ, ಜರಿಯಂಚಿನ ವಲ್ಲಿ ಧರಿಸಬೇಕಿತ್ತು. ದೂರದ ಪೋಲೆಂಡಿನ ಕುಲೀನರೂ ಹೀಗೇ. ಉದ್ದ ನಿಲುವಂಗಿ ತೊಟ್ಟು ಸೊಂಟಕ್ಕೆ ರೇಷ್ಮೆ ಪಟ್ಟಿ ಸುತ್ತುತ್ತಿದ್ದರು. ಆ ಪಟ್ಟಿಗಳು ಮೊದಲು ಪರ್ಷಿಯಾ, ಟರ್ಕಿಯಿಂದ ಬರುತ್ತಿದ್ದವು. ಅಲ್ಲಿ ಆ ಉಡುಪು ಹುಟ್ಟಿನಿಂದ ಬರುವ ಹಕ್ಕು.

ವಿಶ್ವೇಶ್ವರಯ್ಯನವರಿಗೆ ಹಾಗೆ ಬರಲಿಲ್ಲ. ಮುದ್ದೇನಹಳ್ಳಿಯ ಹುಡುಗ, ಚಿಕ್ಕ ವಯಸ್ಸಲ್ಲೇ ತಂದೆಯನ್ನು ಕಳೆದುಕೊಂಡವರು. ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ಬೆಳಗಾವಿ ಜಿಲ್ಲೆನೂ ಆಗ ಅದೇ ಪ್ರಾಂತದಲ್ಲಿತ್ತು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಗೇಟುಗಳು ನೀರು ಏರಿದಾಗ ತಾವೇ ತೆರೆದುಕೊಂಡು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಕನ್ನಂಬಾಡಿ ಕಟ್ಟೆ ಎದ್ದಿತು, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು.

1918ರಲ್ಲಿ ದಿವಾನಗಿರಿ ಬಿಟ್ಟರು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರ ನಿಲುವನ್ನು ಅವರು ಒಪ್ಪಲಿಲ್ಲ. ಈ ಮಾತನ್ನು ನಮ್ಮ ಭಾಷಣಗಳಲ್ಲಿ ಸಾಮಾನ್ಯವಾಗಿ ನುಂಗಿಬಿಡ್ತೀವಿ. ಮೀಸಲಾತಿಯಿಂದ ಸೀಟು ಸಿಕ್ಕವರು ನಮ್ಮಲ್ಲೂ ಇದ್ದೇವೆ. ಈ ಒಂದು ವಿಷಯದಲ್ಲಿ ನಾವು ಮಹಾರಾಜರ ಕಡೆ. ಆದರೆ ಒಪ್ಪದ ಮೇಲೆ ಕುರ್ಚಿಗೆ ಅಂಟಿಕೊಳ್ಳದೆ ಎದ್ದು ಹೋದದ್ದನ್ನು ಮೆಚ್ಚದೆ ಇರೋಕಾಗಲ್ಲ.

ಹುದ್ದೆ ಹೋಯಿತು, ಪೇಟ ಉಳಿಯಿತು. 1955ರಲ್ಲಿ ಭಾರತ ರತ್ನ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಆ ವಯಸ್ಸಲ್ಲೂ ನೀಟಾದ ಸೂಟು, ಪೇಟ ಇಲ್ಲದೆ ಹೊರಗೆ ಕಾಣಿಸಿಕೊಳ್ಳುತ್ತಿರಲಿಲ್ಲ. ದರ್ಬಾರಿಗೆ ಅದು ಅಂತಸ್ತಿನ ಗುರುತು. ಅವರಿಗೆ ಅದು ದಿನದ ಶಿಸ್ತಾಗಿತ್ತು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಮ್ಮ ಡಿಗ್ರಿ ಸರ್ಟಿಫಿಕೇಟಿನ ಮೇಲೆ ವಿಟಿಯು ರೂಪದಲ್ಲಿ ಅವರ ಹೆಸರೇ ಇರುತ್ತೆ. ಪ್ರತಿ ಕಾರ್ಯಕ್ರಮದಲ್ಲೂ ಅತಿಥಿಗಳಿಗೆ ರೆಡಿಮೇಡ್ ಪೇಟ ತೊಡಿಸಿ, ಶಾಲು ಹೊದಿಸಿ ಫೋಟೋ ತೆಗಿಸ್ಕೋತೀವಿ. ಮುಂದಿನ ಸಲ ತೊಡಿಸುವಾಗ ಒಂದು ಮಾತು ನೆನಪಿರಲಿ: ನಮ್ಮ ಅಜ್ಜ ತನ್ನ ರುಮಾಲನ್ನು ದಿನಾ ತಾನೇ ಸುತ್ತಿಕೊಳ್ಳುತ್ತಿದ್ದ. ಮುದ್ದೇನಹಳ್ಳಿಯ ಆ ಹುಡುಗನೂ ತನ್ನ ಪೇಟವನ್ನು ದುಡಿದೇ ಗಳಿಸಿದ್ದು.