ಹಗುರ ಪಾತ್ರೆಯನ್ನು ನಮ್ಮ ಅಡುಗೆಮನೆಗೆ ತಂದ ಚಾಟರ್ಟನ್: ಅಲ್ಯೂಮಿನಿಯಂ ನಿಜಕ್ಕೂ ವಿಷವೇ?

ಚೌಳಹಿರಿಯೂರು, ಕಡೂರು ಕಡೆಯಿಂದ ಗುಡ್ಡ ಹತ್ತಲು, ಕಾಡಿನಲ್ಲಿ ಬೀಡುಬಿಡಲು ಹೊರಡುವವರಿಗೆ ಮೊದಲ ಚರ್ಚೆ ಅಡುಗೆ ಪಾತ್ರೆಯದು. ಸ್ಟೀಲ್ ಭಾರ, ಅಲ್ಯೂಮಿನಿಯಂ ಹಗುರ. ಆದರೆ ಅಲ್ಯೂಮಿನಿಯಂ ಎಂದ ಕೂಡಲೇ ಅದು ಮರೆವಿನ ಕಾಯಿಲೆ ತರುತ್ತದೆ ಎಂಬ ಮಾತು ಬರುತ್ತದೆ. ಈ ಲೋಹ ನಮ್ಮ ಒಲೆಯ ಮೇಲೆ ಬಂದದ್ದು ಹೇಗೆ ಎಂಬುದನ್ನು ತಿಳಿದರೆ ಭಯಕ್ಕೂ ಉತ್ತರ ಸಿಗುತ್ತದೆ.

ಮದ್ರಾಸಿನ ಪ್ರಯೋಗ

ಆಲ್ಫ್ರೆಡ್ ಚಾಟರ್ಟನ್ ಹುಟ್ಟಿದ್ದು 1866ರಲ್ಲಿ, ಇಂಗ್ಲೆಂಡಿನಲ್ಲಿ. 1888ರಲ್ಲಿ ಮದ್ರಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಅದಕ್ಕೆ ಎರಡು ವರ್ಷ ಮೊದಲು, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ವಿಧಾನವನ್ನು ಬೇರೆಬೇರೆಯಾಗಿ ಕಂಡುಹಿಡಿದಿದ್ದರು. ಹಿಂದೆ ಬೆಲೆಬಾಳುತ್ತಿದ್ದ ಲೋಹ ಬರಬರುತ್ತ ಅಗ್ಗವಾಯಿತು.

1898ರಲ್ಲಿ ಚಾಟರ್ಟನ್ ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದರು. ಹಿತ್ತಾಳೆ, ತಾಮ್ರ ಬಡಿಯುವ ಕೈಗಳಿಗೆ ಈ ಮೆತ್ತನೆಯ ತಗಡು ಒಗ್ಗಿತು. 1903ರಲ್ಲಿ ಸರ್ಕಾರ ಈ ಕೆಲಸವನ್ನು ಖಾಸಗಿ ಕಂಪನಿಗೆ ಮಾರಿತು. ಅಷ್ಟರಲ್ಲಿ ಹೊಸ ಉದ್ಯಮ ಬೇರೂರಿತ್ತು. ಆದರೆ ಸರ್ಕಾರವೇ ಕೈಗಾರಿಕೆ ನಡೆಸುವುದಕ್ಕೆ ಲಂಡನ್ನಿನ ಸಚಿವ ಮಾರ್ಲಿ 1910ರಲ್ಲಿ ಒಪ್ಪಲಿಲ್ಲ.

ಮೈಸೂರಿಗೆ

1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಇಂದಿನ ಚಿಕ್ಕಮಗಳೂರು ಜಿಲ್ಲೆ ಆಗ ಕಡೂರು ಜಿಲ್ಲೆ ಎಂಬ ಹೆಸರಿನಲ್ಲಿ ಅದೇ ಸಂಸ್ಥಾನದಲ್ಲಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಅವರು ಕೈಗಾರಿಕೆ ಇಲಾಖೆಯ ನಿರ್ದೇಶಕರಾದರು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾದುದರಲ್ಲಿ ಅವರ ಪಾತ್ರವಿತ್ತು. 1919ರಲ್ಲಿ ಸರ್ ಪದವಿ ಬಂತು. 1958ರಲ್ಲಿ ತೀರಿಕೊಂಡರು.

ಹಗುರವೇಕೆ?

ಒಂದು ಘನ ಸೆಂಟಿಮೀಟರ್ ತಾಮ್ರ 8.9 ಗ್ರಾಂ, ಸ್ಟೀಲ್ ಸುಮಾರು 7.9 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಅದು ಶಾಖವನ್ನು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ಅದಕ್ಕೇ ಅನ್ನ ತಳ ಹಿಡಿಯುವುದು ಕಡಿಮೆ.

ಟೈಟಾನಿಯಂ 4.5 ಗ್ರಾಂ ತೂಗಿದರೂ ಗಟ್ಟಿ ಇರುವುದರಿಂದ ಬಹಳ ತೆಳುವಾಗಿ ಮಾಡಬಹುದು. ಆದರೆ ಶಾಖ ಹರಡುವುದಿಲ್ಲ; ಉರಿ ತಾಗಿದಲ್ಲೇ ಸೀಯುತ್ತದೆ. ನೀರು ಕಾಯಿಸಲು ಸರಿ, ಉಪ್ಪಿಟ್ಟಿಗೆ ಕಷ್ಟ. ಬೆಲೆಯೂ ಹೆಚ್ಚು.

ಮರೆವಿನ ಭಯ ಎಲ್ಲಿಂದ ಬಂತು?

1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ನರಕೋಶಗಳಲ್ಲಿ ಬದಲಾವಣೆ ಕಂಡಿತು. ಆಲ್‌ಝೈಮರ್ ಕಾಯಿಲೆಯೊಂದಿಗೆ ನಂಟಿರಬಹುದೆಂಬ ಅನುಮಾನ ಹಬ್ಬಿದ್ದು ಆಗಿನಿಂದ. ಆದರೆ ಮಿದುಳಿಗೆ ಚುಚ್ಚುವುದೂ ಪಾತ್ರೆಯಲ್ಲಿ ಅನ್ನ ಮಾಡುವುದೂ ಒಂದೇ ಅಲ್ಲ. ಊಟದಲ್ಲಿ ಹೋದ ಅಲ್ಯೂಮಿನಿಯಂನಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಬಹುಪಾಲನ್ನು ಮೂತ್ರಪಿಂಡ ಹೊರಹಾಕುತ್ತದೆ. ಅಡುಗೆ ಪಾತ್ರೆಯಿಂದ ಆ ಕಾಯಿಲೆ ಬರುತ್ತದೆಂಬುದು ಇದುವರೆಗೆ ಸಾಬೀತಾಗಿಲ್ಲ. ಮೂತ್ರಪಿಂಡ ಕೆಟ್ಟಿರುವವರು ಮಾತ್ರ ವೈದ್ಯರನ್ನು ಕೇಳಬೇಕು.

ಎಚ್ಚರಿಕೆ ಬೇಕಾದದ್ದು ಹುಳಿಯ ವಿಷಯದಲ್ಲಿ. ಹುಣಸೆ, ಟೊಮೆಟೊ, ಮಜ್ಜಿಗೆ ಅಲ್ಯೂಮಿನಿಯಂ ಅನ್ನು ಸ್ವಲ್ಪ ಕರಗಿಸುತ್ತವೆ. ಇದು ಹೊಸ ಪಾಠವೇನಲ್ಲ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಬೇಯಿಸಬಾರದೆಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಕರಗಿದ ತಾಮ್ರ ವಾಂತಿ ತರಿಸಬಲ್ಲದು.

ಹಾಗಾದರೆ ಯಾವುದನ್ನು ಕೊಳ್ಳಬೇಕು?

- ಬೀಡುಬಿಟ್ಟು ಅನ್ನ, ಉಪ್ಪಿಟ್ಟು ಮಾಡುವುದಾದರೆ ಹಾರ್ಡ್ ಅನೋಡೈಸ್ಡ್ ಅಲ್ಯೂಮಿನಿಯಂ ಒಳ್ಳೆಯದು. ಅದರ ಮೇಲಿನ ಗಟ್ಟಿ ಆಕ್ಸೈಡ್ ಪದರ ಕರಗುವಿಕೆಯನ್ನು ತಗ್ಗಿಸುತ್ತದೆ.
- ಸಾದಾ ಅಲ್ಯೂಮಿನಿಯಂ ಇದ್ದರೆ ಹುಳಿ ಬೇಯಿಸಬೇಡಿ, ಮಾಡಿದ ಅಡುಗೆಯನ್ನು ರಾತ್ರಿಯಿಡೀ ಅದರಲ್ಲೇ ಇಡಬೇಡಿ.
- ಬಿಗಿಯಾದ ಮುಚ್ಚಳ ಇರಲಿ. ಇಂಧನ ಉಳಿದರೆ ಚೀಲವೂ ಹಗುರ.
- ಬೇಳೆಯನ್ನು ಮನೆಯಲ್ಲೇ ನೆನೆಸಿಡಿ. ಸುಮಾರು 1,900 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು.